ಮುಟ್ಟದ ಕಣ, ಮುಟ್ಟುವ ದೂಳು

ಪದವಿಯ ಕೊನೇ ವರ್ಷ ಜೀವಶಾಸ್ತ್ರದ ವಿದ್ಯಾರ್ಥಿ ಸಂಶೋಧನೆಗೆ ಇಳಿಯುವ ಮೊದಲು ಒಂದು ಪ್ರಸ್ತಾವ ಬರೆಯಬೇಕು. ಏನು ಕೇಳ್ತೀಯ, ಹೇಗೆ ಅಳೀತೀಯ, ಯಾರಿಗೆ ಪ್ರಯೋಜನ? ನೋಡೋಕೆ ಬರೀ ಅರ್ಜಿ. ಆದರೆ ಗೆಳೆಯರೆ, ಯಾವುದು ಪ್ರಶ್ನೆ, ಯಾವುದು ಅಲ್ಲ ಅಂತ ತೀರ್ಮಾನವಾಗೋದು ಅಲ್ಲೇ. ಆ ಕಾಗದ ನಮ್ಮ ಅಪ್ಪ ಅಜ್ಜಂದಿರ ಕೈಗೆ ಬರಲೇ ಇಲ್ಲ.

ಕೆಜಿಎಫ್ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಹಿಡಿಯಿತು. ಬಂಡೆ ಕೊರೆದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಕಲ್ಲಿನ ಪುಡಿ ಎದೆಯಲ್ಲಿ ಕೂತು ಬರುವ ಸಿಲಿಕೋಸಿಸ್ ಈ ದೇಶದಲ್ಲಿ ಮೊದಲು ವರದಿಯಾದದ್ದು ಇಲ್ಲಿಂದ, 1947ರಲ್ಲಿ ಅನ್ನುತ್ತವೆ ವೈದ್ಯಕೀಯ ಪಠ್ಯಗಳು. ಅದಕ್ಕೆ ಮೊದಲಿನ ಕೆಮ್ಮು ಯಾವ ಲೆಕ್ಕಕ್ಕೆ? 1965ರಲ್ಲಿ ಇದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ವಿಜ್ಞಾನಿಗಳು ನ್ಯೂಟ್ರಿನೋ ಗುರುತಿಸಿದರು. ದೊಡ್ಡ ಕೆಲಸ, ಹೆಮ್ಮೆಯೇ. ಭೂಮಿಯನ್ನೇ ಮುಟ್ಟದಂಗೆ ಹಾದುಹೋಗೋ ಕಣ ಅದು. (ಮುಟ್ಟದಿರುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.) ಎದೆಗೂಡಲ್ಲಿ ಕೂತೇಬಿಡೋ ಕಣಕ್ಕೆ ಅಷ್ಟು ತಾಳ್ಮೆಯಿಂದ ಕಾದವರು ಕಡಿಮೆ.

2001ರಲ್ಲಿ ಗಣಿ ಮುಚ್ಚಿತು. ಚಿನ್ನ ಸೋಸಿ ಬಿಟ್ಟ ಪುಡಿಕಲ್ಲಿನ ಸೈನೈಡ್ ದಿಬ್ಬಗಳು ಉಳಿದವು. ಬೇಸಿಗೆ ಗಾಳಿಗೆ ದೂಳು ಏಳುತ್ತೆ. ಬಂಗಾರಪೇಟೆ ರೈಲು ಹತ್ತೋ ಹುಡುಗಿ ಇದನ್ನೇ ಪ್ರಸ್ತಾವ ಮಾಡಬಹುದು. ದಿಬ್ಬದಿಂದ ಬೇರೆ ಬೇರೆ ದೂರದ ಹೊಂಗೆ ಮರಗಳು, ಒಂದೇ ಎತ್ತರ, ಒಂದೇ ದಿನ. ಎಲೆ ತೊಳೆದ ನೀರು ಒಣಗಿಸಿ ದೂಳು ತೂಗು, ಎಲೆಯ ಅಗಲ ಗ್ರಾಫ್ ಹಾಳೆಯಲ್ಲಿ ಎಣಿಸು. ತೊಳೆಯದ ಎಲೆಯ ಅಡಿಗೆ ಉಗುರುಬಣ್ಣ ಬಳಿದು, ಒಣಗಿದ ಪೊರೆ ಕಿತ್ತು ಪತ್ರರಂಧ್ರ ನೋಡು. ಬಂಗಾರಪೇಟೆಯ ಹೊಂಗೆಗೆ ಹೋಲಿಸು. ಅಲ್ಲೂ ರಸ್ತೆ ದೂಳಿದೆ ಅಂತ ಬರೆ.

ಜನ ಕೆಮ್ತಿರೋವಾಗ ಎಲೆ ಯಾಕೆ ಎಣಿಸ್ತೀರಿ ಅಂತ ಕೇಳೋರು ಇದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಎದೆ ಅಳೆಯೋಕೆ ವೈದ್ಯರು ಬೇಕು, ನೈತಿಕ ಸಮಿತಿ ಬೇಕು, ಆ ಜನರ ಒಪ್ಪಿಗೆ ಬೇಕು. ಅದಿಲ್ಲದೆ ನಮ್ಮೋರೇ ಹೋದರೂ ಅವರು ಮತ್ತೆ ಬರೀ ಸ್ಯಾಂಪಲ್ಲು. ಎಲೆಯಿಂದ ರೋಗ ಸಾಬೀತಾಗಲ್ಲ ಅಂತ ಪ್ರಸ್ತಾವದಲ್ಲೇ ಹೇಳಬೇಕು. ಹೆಚ್ಚು ಹೇಳಿ ಸಿಕ್ಕಿಬಿದ್ದರೆ ಸುಳ್ಳಾಗೋದು ಲೈನಿನ ಜನರ ಮಾತೇ. ಇನ್ನು ‘ಅಧ್ಯಯನ ಪ್ರದೇಶ’ ಅನ್ನೋ ಕಡೆ ಪಾಳುಭೂಮಿ ಅಂತ ಬರೀಬೇಡಿ. ಅಲ್ಲಿ ಮನೆಗಳಿವೆ. ಫಲಿತಾಂಶ ಇಂಗ್ಲಿಷಿನಲ್ಲಿ ಕಾಲೇಜಿಗೆ ಹೋಗಲಿ. ಒಂದು ಪುಟ ತಮಿಳಲ್ಲಿ, ತೆಲುಗಲ್ಲಿ, ಕನ್ನಡದಲ್ಲಿ ಆ ಮನೆಗಳಿಗೂ ಹೋಗಲಿ. ಅದರ ಜೆರಾಕ್ಸ್ ಖರ್ಚನ್ನ ಬಜೆಟ್ಟಿನಲ್ಲಿ ಈಗಲೇ ಸೇರಿಸಿ.