ಕಾವಲು ಮತ್ತು ಕಕ್ಕುಲಾತಿ

ಮೂರು ವರ್ಷಗಳ ಹಿಂದೆ ಭಕ್ತರ ಮನೆಯ ತಾಯಿಯೊಬ್ಬಳು ಶ್ರೀಮಠಕ್ಕೆ ಬಂದು ನಮ್ಮ ಮುಂದಿಟ್ಟ ಪ್ರಶ್ನೆಯೊಂದು ಈ ಬರಹಕ್ಕೆ ಕಾರಣ. ಆಕೆಯ ಮಗನಿಗೆ ಐದನೆಯ ವಯಸ್ಸಿನಿಂದಲೂ ಮೂರ್ಛೆರೋಗ. ವೈದ್ಯರು ಕೊಟ್ಟ ಮಾತ್ರೆಗಳಿಂದ ರೋಗವು ಹತೋಟಿಗೆ ಬಂದು, ಎರಡು ವರ್ಷಗಳ ಕಾಲ ಒಂದು ಸೆಳವೂ ಬಂದಿರಲಿಲ್ಲ. ಇನ್ನು ಗೆದ್ದೆವೆಂದುಕೊಳ್ಳುವಷ್ಟರಲ್ಲಿ ಒಂದು ಮುಂಜಾನೆ, ಮಾತ್ರೆ ತಪ್ಪದಿದ್ದರೂ, ಹುಡುಗ ಹಾಸಿಗೆಯಲ್ಲಿಯೇ ಸೆಟೆದುಕೊಂಡ. ಅಂದಿನಿಂದ ಆ ತಾಯಿ ಮಗನ ಎದೆಯ ಮೇಲೆ ಕೈಯಿಟ್ಟುಕೊಂಡೇ ಮಲಗುವಳು. ಶಾಲೆಯ ಪ್ರವಾಸವಿಲ್ಲ, ಸೈಕಲ್ಲಿಲ್ಲ, ನೆಂಟರ ಮನೆಯಲ್ಲಿ ಒಂದು ರಾತ್ರಿಯ ವಾಸವೂ ಇಲ್ಲ. ಹದಿಮೂರರ ಹುಡುಗ ಒಂದು ರಾತ್ರಿ, "ಅವ್ವ, ಕೈ ತೆಗಿ, ಉಸಿರು ಕಟ್ತದೆ" ಎಂದನಂತೆ. "ಬುದ್ಧಿ, ನಾನು ಮಾಡ್ತಿರೋದು ಪ್ರೀತಿಯೋ, ಹಿಂಸೆಯೋ?" ಎಂದು ಆಕೆ ಕೇಳಿದಳು.

ಈ ಪ್ರಶ್ನೆಗೆ ಉತ್ತರಿಸುವ ಮೊದಲು ಆ ಭಯದ ಬೇರನ್ನು ನೋಡಬೇಕು. ಚರಕಸಂಹಿತೆಯ ನಿದಾನಸ್ಥಾನ, ಚಿಕಿತ್ಸಾಸ್ಥಾನಗಳೆರಡರಲ್ಲಿಯೂ ಅಪಸ್ಮಾರಕ್ಕೆ ಒಂದೊಂದು ಅಧ್ಯಾಯವೇ ಇದ್ದು, ಅಲ್ಲಿ ದೋಷಪ್ರಕೋಪದ ವಿವೇಚನೆಯಿದೆ, ಔಷಧವಿದೆ. ಗ್ರೀಕರು ಇದನ್ನು ಪವಿತ್ರ ರೋಗವೆನ್ನುತ್ತಿದ್ದ ಕಾಲದಲ್ಲಿ, ಹಿಪೊಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥವು, ಇದು ಉಳಿದ ರೋಗಗಳಂತೆಯೇ ಒಂದು ರೋಗ, ಇದರ ನೆಲೆ ಮಿದುಳು ಎಂದು ವಾದಿಸಿತು. ಇಷ್ಟು ಹಿಂದೆಯೇ ತಿಳಿದವರು ತಿಳಿದಿದ್ದರೂ ಇಂದಿಗೂ ನಮ್ಮ ಊರುಗಳಲ್ಲಿ ಮಗು ಬಿದ್ದೊಡನೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವವರಿದ್ದಾರೆ, ಹೆತ್ತವರ ಪಾಪವೆಂದು ಪಿಸುಗುಟ್ಟುವವರೂ ಇದ್ದಾರೆ. ಆ ಪಿಸುಮಾತು ಹೆತ್ತವರ ಎದೆಗೆ ಇಳಿಯದೆ ಬಿಡುವುದಿಲ್ಲ. ರಷ್ಯದ ಮಹಾಲೇಖಕ ದಸ್ತಯೆವ್‌ಸ್ಕಿಗೆ ಸ್ವತಃ ಈ ರೋಗವಿತ್ತು. 1878ರಲ್ಲಿ ಅವನ ಕಿರಿಯ ಮಗ ಅಲ್ಯೋಷ, ಇನ್ನೂ ಮೂರು ತುಂಬಿರಲಿಲ್ಲ, ದೀರ್ಘವಾದ ಸೆಳವಿನಲ್ಲಿಯೇ ತೀರಿಕೊಂಡ. ತನ್ನಿಂದಲೇ ಮಗನಿಗೆ ರೋಗ ಬಂತೆಂಬ ಕೊರಗು ಆ ತಂದೆಯನ್ನು ಹಿಂಡಿತು. ಕೆಲವು ವಾರಗಳಲ್ಲಿಯೇ ಆತ ಆಪ್ತಿನ ಎಂಬ ಮಠಕ್ಕೆ ಹೋಗಿ ಅಲ್ಲಿನ ವೃದ್ಧ ಸಾಧುವನ್ನು ಕಂಡ. ಇಂತಹ ದುಃಖವು ಮಠದ ಬಾಗಿಲನ್ನು ತಟ್ಟುವುದು ನಮ್ಮ ನಾಡಿನಲ್ಲಿ ಮಾತ್ರವಲ್ಲ.

ವೈದ್ಯಶಾಸ್ತ್ರವು ಅಂದಿಗಿಂತ ಬಹುದೂರ ಬಂದಿದೆ. ಸರಿಯಾದ ಔಷಧ ದೊರೆತರೆ ನೂರರಲ್ಲಿ ಎಪ್ಪತ್ತರವರೆಗೆ ರೋಗಿಗಳು ಸೆಳವಿಲ್ಲದೆ ಬದುಕಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಔಷಧ ನಡೆಯುತ್ತಿರುವಾಗಲೇ ಸೆಳವು ಮರಳಿ ಬರುವುದುಂಟು. ಒಂದು ಹೊತ್ತಿನ ಮಾತ್ರೆ ತಪ್ಪಿದರೆ, ನಿದ್ರೆ ಕೆಟ್ಟರೆ, ಜ್ವರ ಬಂದರೆ ಅದು ಬರಬಹುದು. ಏನೂ ತಪ್ಪದಿದ್ದರೂ ಬರಬಹುದು. ತಂದೆತಾಯಿಗಳನ್ನು ಸುಡುವುದು ಈ ಕೊನೆಯ ಮಾತೇ. ತಪ್ಪಿದ್ದರೆ ತಿದ್ದಿಕೊಳ್ಳಬಹುದು, ತಪ್ಪೇ ಇಲ್ಲದೆಡೆ ಮನಸ್ಸು ತಪ್ಪನ್ನು ಹುಡುಕುತ್ತ ಕಾವಲನ್ನು ಬಿಗಿಗೊಳಿಸುತ್ತಲೇ ಹೋಗುತ್ತದೆ.

ಅಂದು ನಾವು ಆ ತಾಯಿಗೆ ಸುಲಭವಾಗಿ ಉಪದೇಶ ಮಾಡಿದೆವು. "ಭಯ ಬಿಡು ತಾಯಿ, ಮಗುವನ್ನು ನಮ್ಮ ಪ್ರಸಾದನಿಲಯಕ್ಕೆ ಬಿಡು, ನಾವು ನೋಡಿಕೊಳ್ಳುತ್ತೇವೆ" ಎಂದೆವು. ಆಕೆ ಮಾತ್ರೆಗಳ ಚೀಟಿಯನ್ನು ಕೊಟ್ಟು, ಹೇಳಿದ್ದನ್ನೇ ನಾಲ್ಕು ಬಾರಿ ಹೇಳಿ ಹೋದಳು. ನಾವು ಅದನ್ನು ಒಬ್ಬರಿಗೆ ಒಪ್ಪಿಸಿದೆವು, ಅವರು ಇನ್ನೊಬ್ಬರಿಗೆ. ಮಹಾಶಿವರಾತ್ರಿ ಬಂದಿತು. ಎಲ್ಲ ಹುಡುಗರೊಡನೆ ತಾನೂ ಜಾಗರಣೆ ಮಾಡುವೆನೆಂದು ಈ ಹುಡುಗ ಹಂಬಲಿಸಿದಾಗ ನಾವು ಸಂತೋಷದಿಂದಲೇ ಒಪ್ಪಿದೆವು. ನಾಲ್ಕನೆಯ ಯಾಮದ ಪೂಜೆಯ ವೇಳೆಗೆ ಅವನು ನಮ್ಮ ಕಣ್ಣೆದುರಿಗೇ ಬಿದ್ದ. ಯಾರೋ ಬೀಗದ ಕೈಗೊಂಚಲು ತಂದರು, ಯಾರೋ ಈರುಳ್ಳಿ ಹಿಸುಕಿ ಮೂಗಿಗೆ ಹಿಡಿದರು. ಅಡುಗೆಮನೆಯ ಹಿರಿಯರೊಬ್ಬರು ಅವರನ್ನೆಲ್ಲ ಸರಿಸಿ, ಹುಡುಗನನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತಮ್ಮ ಶಲ್ಯವನ್ನು ಮಡಿಸಿಟ್ಟು ಸುಮ್ಮನೆ ಕುಳಿತರು. ಎರಡು ಮೂರು ನಿಮಿಷಗಳಲ್ಲಿ ಸೆಳವು ನಿಂತಿತು.

ಬೆಳಗ್ಗೆ ಆ ತಾಯಿ ಓಡಿಬಂದಳು. ಆಕೆಯ ಬೈಗುಳಕ್ಕೆ ನಾವು ಸಿದ್ಧರಾಗಿದ್ದೆವು. ಆಕೆ ಬೈಯಲಿಲ್ಲ. "ರಾತ್ರಿ ಮಾತ್ರೆ ಕೊಟ್ಟಿದ್ರಾ ಬುದ್ಧಿ?" ಎಂದಷ್ಟೇ ಕೇಳಿದಳು. ಅಲ್ಲಿದ್ದ ಯಾರೊಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಸಿಂಹಾಸನದ ಮೇಲೆ ಕುಳಿತವರಿಗೂ ಗೊತ್ತಿರಲಿಲ್ಲ.

ಹಾಗಾದರೆ ತಾಯಿಯ ಭಯವೇ ಸರಿ, ನಮ್ಮ ಉಪದೇಶವೇ ತಪ್ಪು ಎಂದಾಯಿತೇ? ಈ ವಿಚಾರವನ್ನು ನಾವು ಬಹುಕಾಲ ಮನಸ್ಸಿನಲ್ಲಿ ಹೊತ್ತುಕೊಂಡು ತಿರುಗಿದ್ದೇವೆ. ಆಕೆ ಕೇಳಿದ ಆ ಒಂದು ಪ್ರಶ್ನೆಯು ಭಯವಲ್ಲ, ಅರಿವು. ನಾವು 'ಭಯ ಬಿಡು' ಎಂದಾಗ ಅದರೊಡನೆ ಅರಿವನ್ನೂ ಬಿಡಿಸಿದಂತಾಯಿತು. ಅದು ನಮ್ಮ ತಪ್ಪು. ಎದೆಯ ಮೇಲಿನ ಕೈಯನ್ನೂ ನಾವು ಈಗ ಹಗುರವಾಗಿ ಕಾಣಲಾರೆವು. ನಿದ್ರೆಯಲ್ಲಿ ಸೆಳವು ಬರುವವರ ಬಳಿ ಒಬ್ಬರಿರುವುದು ಒಳಿತೆಂದು ವೈದ್ಯರೂ ಹೇಳುತ್ತಾರೆ. ಆದರೆ ಆ ಕೈ ಏಕೆ ಅಷ್ಟು ಭಾರವಾಯಿತು? ಅದು ಒಂದೇ ಕೈಯಾಗಿದ್ದುದರಿಂದ. ಶಾಲೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ, ಬಂಧುಗಳಿಂದ ಮುಚ್ಚಿಟ್ಟಿದ್ದರು. ನಾಳೆ ಹೆಣ್ಣು ಕೊಡುವವರು ಹಿಂಜರಿದಾರೆಂದು ಹದಿಮೂರು ವರ್ಷದ ಹುಡುಗನ ಮದುವೆಯ ಚಿಂತೆಯನ್ನೂ ಮಾಡಿದ್ದರು. ಅಪಸ್ಮಾರವನ್ನು ಹಿಂದೂ ವಿವಾಹ ಕಾಯಿದೆಯ ನಿಷೇಧದ ಪಟ್ಟಿಯಿಂದ 1999ರಲ್ಲಿಯೇ ತೆಗೆದುಹಾಕಲಾಗಿದೆ. ನಮ್ಮ ಮನಸ್ಸಿನ ಪಟ್ಟಿಯಿಂದ ಇನ್ನೂ ತೆಗೆದಿಲ್ಲ. ಗುಟ್ಟನ್ನು ಕಾಯುವವಳು ಮಗುವನ್ನೂ ಒಬ್ಬಳೇ ಕಾಯಬೇಕಾಗುತ್ತದೆ. ಒಬ್ಬಳೇ ಕಾಯಬೇಕಾದರೆ ಮಗುವನ್ನು ಕಣ್ಣಳತೆಯಿಂದ ಆಚೆ ಬಿಡಲಾಗದು. ಸೆರೆಮನೆ ಕಟ್ಟಿದ್ದು ಆಕೆಯ ಪ್ರೀತಿಯಲ್ಲ, ನಮ್ಮೆಲ್ಲರ ನಾಲಗೆಗೆ ಹೆದರಿದ ಆ ಮೌನ.

ಅಂದಮೇಲೆ ಕಾವಲನ್ನು ಬಿಡುವುದಲ್ಲ, ಹಂಚಿಕೊಳ್ಳುವುದು ನಮ್ಮ ಕರ್ತವ್ಯ. ಇದಕ್ಕೆ ತಿಳಿದಿರಬೇಕಾದ ಸಂಗತಿಗಳು ಬಹಳವೇನಿಲ್ಲ. ಸೆಳವು ಬಂದಾಗ ಮಗ್ಗುಲಿಗೆ ಹೊರಳಿಸಬೇಕು, ಬಿಗಿಹಿಡಿಯಬಾರದು, ಬಾಯಿಗೆ ಏನನ್ನೂ ತುರುಕಬಾರದು, ಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಬಚ್ಚಲಿನ ಅಗುಳಿ ಹಾಕಿಕೊಳ್ಳದಂತೆ ಹೇಳಬೇಕು. ಬಾವಿಕೆರೆಗಳಲ್ಲಿ ಒಂಟಿಯಾಗಿ ಈಜಲು ಬಿಡಬಾರದು. ತಲೆಗೆ ಬಿಸಿನೀರು ಸುರಿದಾಗಲೇ ಬರುವ ಸೆಳವಿನ ಬಗೆಯೊಂದು ನಮ್ಮ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬಂದಿದ್ದು, ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಅದನ್ನು ಅಭ್ಯಸಿಸಿದ್ದಾರೆ. ಅಂತಹ ಮಕ್ಕಳಿಗೆ ಎರೆಯುವ ನೀರು ಉಗುರುಬೆಚ್ಚಗಿರಲಿ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸುವುದು ಅಪಾಯ. ವ್ರತದ ನೆಪದಲ್ಲಿ ಮಾತ್ರೆ ಬಿಡಿಸುವ ಗುರುವಿದ್ದರೆ ಆ ಗುರುವನ್ನೇ ಬಿಡಿರಿ. ಈ ಮಾತನ್ನು ನಾವು ಪೀಠದಲ್ಲಿ ಕುಳಿತೇ ಹೇಳುತ್ತಿದ್ದೇವೆ. ಇಷ್ಟೆಲ್ಲ ಮಾಡಿದ ಮೇಲೂ ಸೆಳವು ಬರಲಾರದೆಂಬ ಭರವಸೆಯನ್ನು ಯಾರೂ ಕೊಡಲಾರರು. ಆ ಅನಿಶ್ಚಯವನ್ನು ಹೊರಬೇಕಾದವರು ಹಿರಿಯರು. ಮಗುವಿನ ಬಾಲ್ಯವನ್ನು ಕೊಟ್ಟು ಅದನ್ನು ತೀರಿಸಲು ಹೋದರೆ ಬಾಲ್ಯವೂ ಹೋಗುತ್ತದೆ, ಅನಿಶ್ಚಯವೂ ಉಳಿಯುತ್ತದೆ.

ಆ ಘಟನೆಯ ನಂತರ ತಾಯಿ ಮಗನನ್ನು ಊರಿಗೆ ಕರೆದೊಯ್ದಳು, ನಾವು ತಡೆಯಲಿಲ್ಲ. ಎರಡು ತಿಂಗಳು ಕಳೆದ ಮೇಲೆ, ಹುಡುಗನ ಹಟಕ್ಕೆ ಸೋತು, ತಾನೇ ಮರಳಿ ಕರೆತಂದಳು. ಈ ಬಾರಿ ಅವನ ಕೋಣೆಯ ಹುಡುಗರನ್ನೆಲ್ಲ ಕೂರಿಸಿಕೊಂಡು ಹೇಗೆ ಹೊರಳಿಸಬೇಕೆಂದು ಆಕೆಯೇ ತೋರಿಸಿಕೊಟ್ಟಳು. ಮಗ ನಾಚಿ ನೆಲ ನೋಡುತ್ತಿದ್ದ. ಈಗ ಅವನಿಗೆ ಹದಿನಾರು; ಮಾತ್ರೆಯ ಡಬ್ಬಿ ಅವನ ಕೈಯಲ್ಲಿಯೇ ಇದೆ. ನಡುವೆ ಒಮ್ಮೆ ಸೆಳವು ಬಂದಿತ್ತು, ಹುಡುಗರೇ ನೋಡಿಕೊಂಡರು.

ಕಳೆದ ಶಿವರಾತ್ರಿಯಂದು ಮೊದಲ ಯಾಮದ ಪೂಜೆ ಮುಗಿಸಿ, ಮಾತ್ರೆ ನುಂಗಿ, ಹತ್ತು ಗಂಟೆಗೆ ಅವನು ಮಲಗಲು ಹೋದ. ಬೆಳಗಿನ ಜಾವ ಮಿಂದು ಬಿಲ್ವಪತ್ರೆಯ ಬುಟ್ಟಿ ಹಿಡಿದು ಎಲ್ಲರಿಗಿಂತ ಲವಲವಿಕೆಯಿಂದ ಬಂದ. ತಾಯಿಯೂ ಆ ರಾತ್ರಿ ಮಠದಲ್ಲಿಯೇ ಇದ್ದಳು. ಮಗನ ಕೋಣೆಯ ಹೊರಗಿನ ಜಗುಲಿಯ ಮೇಲೆ ಹಾಸಿಕೊಂಡಿದ್ದಳು. ನಿದ್ರಿಸಿದಳೋ ಇಲ್ಲವೋ, ನಾವು ಕೇಳಲಿಲ್ಲ.