ಉಡುಗೊರೆಯ ಬೆಲೆ, ಮನೆಯ ಲೆಕ್ಕ



ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಪ್ರಭು ಯೇಸು ಹೇಳಿದ್ದನ್ನು ಸಂತ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಓದುತ್ತೇವೆ. ಶಿಷ್ಯನಾಗುವುದರ ಬೆಲೆಯನ್ನು ತಿಳಿಸಲು ಸ್ವಾಮಿ ಬಳಸಿದ ಹೋಲಿಕೆ ಇದು. ಲೆಕ್ಕ ಹಾಕುವುದು ಜಿಪುಣತನವಲ್ಲ, ವಿವೇಕ ಎಂಬುದನ್ನೂ ಇದು ಕಲಿಸುತ್ತದೆ. ಇಂದು ಆ ಲೆಕ್ಕವನ್ನು ಒಂದು ಚಿಕ್ಕ ವಿಷಯಕ್ಕೆ ಹಾಕೋಣ: ನಮ್ಮ ಮಕ್ಕಳ ಸಹಪಾಠಿಗಳ ಹುಟ್ಟುಹಬ್ಬ.

ಹಿಂದೆ ಹುಟ್ಟುಹಬ್ಬವೆಂದರೆ ತಲೆಗೆ ಎಣ್ಣೆನೀರು, ಮನೆಯಲ್ಲಿ ಪಾಯಸ, ಶಾಲೆಯಲ್ಲಿ ಎಲ್ಲರಿಗೂ ಒಂದೊಂದು ಪೆಪ್ಪರಮೆಂಟು. ಈಗ ಹಳ್ಳಿಗಳಿಗೂ ಕೇಕು, ಬಲೂನು, ಸಂಜೆಯ ಊಟ ಬಂದಿವೆ. ಅಡಿಕೆಗೆ ಹೆಸರಾದ ಭೀಮಸಮುದ್ರದಂಥ ಊರಿನಲ್ಲಿ ವರ್ತಕರ ಮಗುವೂ ಅಡಿಕೆ ಸುಲಿಯುವ ತಾಯಿಯ ಮಗುವೂ ಒಂದೇ ಬೆಂಚಿನಲ್ಲಿ ಕೂರಬಹುದು. ಅದು ಸಂತೋಷದ ವಿಷಯವೇ. ಆದರೆ ಕರೆಯೋಲೆ ಒಂದೇ ಆದರೂ ಎರಡು ಮನೆಗಳ ಜೇಬು ಒಂದೇ ಅಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಕೈಯಲ್ಲಿ ಕೂಲಿ ಆಡುತ್ತದೆ, ಆಮೇಲೆ ಕೈ ಬಿಗಿಯಾಗುತ್ತದೆ. ಹುಟ್ಟುಹಬ್ಬಗಳು ಕೊಯ್ಲನ್ನು ಕಾದು ಬರುವುದಿಲ್ಲ.

ತರಗತಿಯ 30 ಮಕ್ಕಳಲ್ಲಿ 12 ಮಂದಿ ಕರೆದರೆಂದುಕೊಳ್ಳಿ. ಒಂದು ಉಡುಗೊರೆಗೆ 200 ರೂಪಾಯಿ ಎಂದರೂ ವರ್ಷಕ್ಕೆ 2,400 ರೂಪಾಯಿ. ಶಾಲೆಗೆ ಹೋಗುವವರು ಇಬ್ಬರಿದ್ದರೆ 4,800, ಅಂದರೆ ತಿಂಗಳಿಗೆ 400 ರೂಪಾಯಿ. ಒಂದೊಂದಾಗಿ ಕೊಳ್ಳುವಾಗ ಈ ಭಾರ ಕಾಣುವುದಿಲ್ಲ. ಕಂಡಾಗ ಕೆಲವರು ಸಾಲ ಮಾಡುತ್ತಾರೆ. ಕೆಲವರು ಮಗುವಿಗೆ ಹೊಟ್ಟೆನೋವೆಂದು ಹೇಳಿ ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಆ ಸಂಜೆ ಮಗು ಎರಡು ಪಾಠ ಕಲಿಯುತ್ತದೆ: ಬಡತನ ನಾಚಿಕೆಗೇಡು, ಸುಳ್ಳು ಹೇಳಿದರೆ ತಪ್ಪಿಲ್ಲ. ಸಾಲಕ್ಕಿಂತ ದೊಡ್ಡ ನಷ್ಟ ಇದು.

ಕೈಯಲ್ಲಿ ಕಾಸಿಲ್ಲದಿರುವಾಗ ಸಾಲ ತಂದು ಔತಣ ಮಾಡಿ ಭಿಕಾರಿಯಾಗಬೇಡ ಎಂಬ ಬುದ್ಧಿಮಾತು ಸಿರಾಖನ ಗ್ರಂಥದ 18ನೇ ಅಧ್ಯಾಯದಲ್ಲಿದೆ. ಸಾಲದ ಉಡುಗೊರೆಗೂ ಇದು ಸಲ್ಲುತ್ತದೆ. ಮದುವೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಹಿಂದಿರುಗಿಸುವುದು ನಮ್ಮ ಸೀಮೆಯ ವಾಡಿಕೆ. ಕಷ್ಟದಲ್ಲಿ ಒಬ್ಬರಿಗೊಬ್ಬರು ನೆರವಾಗುವ ದಾರಿ ಅದು. ಆದರೆ ಆರೇಳು ವರ್ಷದ ಮಕ್ಕಳ ಗೆಳೆತನಕ್ಕೂ ಮುಯ್ಯಿ ಪುಸ್ತಕ ತೆರೆಯಬೇಕೇ?

ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ದಿನವನ್ನು ನೆನೆಯಿರಿ. ಕುರಿಮರಿ ತರಲು ಶಕ್ತಿಯಿಲ್ಲದವರು ಎರಡು ಬೆಳವಕ್ಕಿ ಇಲ್ಲವೆ ಎರಡು ಪಾರಿವಾಳದ ಮರಿಗಳನ್ನು ತರಬಹುದೆಂದು ಮೋಶೆಯ ಧರ್ಮಶಾಸ್ತ್ರ ಹೇಳಿತ್ತು. ಮರಿಯ ಮತ್ತು ಜೋಸೆಫರು ಅರ್ಪಿಸಿದ್ದು ಈ ಬಡವರ ಕಾಣಿಕೆಯನ್ನೇ. ಅವರು ಸಾಲದ ಕುರಿಮರಿ ತರಲಿಲ್ಲ, ನಾಚಿ ಮನೆಯಲ್ಲಿ ಉಳಿಯಲೂ ಇಲ್ಲ.

ಶ್ರೀಸಭೆಯ ಪಂಚಾಂಗದಲ್ಲಿ ಮೂವರ ಜನನದ ಹಬ್ಬಗಳಿವೆ: ಡಿಸೆಂಬರ್ 25ರಂದು ಪ್ರಭು ಯೇಸು, ಸೆಪ್ಟೆಂಬರ್ 8ರಂದು ಮಾತೆ ಮರಿಯ, ಜೂನ್ 24ರಂದು ಸ್ನಾನಿಕ ಯೊವಾನ್ನ. ಮಾತೆಯ ಹುಟ್ಟುಹಬ್ಬಕ್ಕೆ ಕರಾವಳಿಯ ಮಕ್ಕಳು ತರುವ ಉಡುಗೊರೆ ಏನು? ಹೂವು. ಅದಕ್ಕೆ ಬೆಲೆಚೀಟಿ ಇರುವುದಿಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಜೂನ್‌ನಲ್ಲಿ ಶಾಲೆಯ ಖರ್ಚಿನ ಲೆಕ್ಕ ಬರೆಯುವಾಗಲೇ ವರ್ಷದ ಉಡುಗೊರೆಗಳಿಗೂ ಒಂದು ಮೊತ್ತ ಗೊತ್ತುಮಾಡಿ. ಕೂಲಿ ಕೈತುಂಬ ಬರುವ ತಿಂಗಳಲ್ಲಿ ಅದನ್ನು ಡಬ್ಬಿಯಲ್ಲಿ ತೆಗೆದಿಡಿ. ಡಬ್ಬಿ ಮಕ್ಕಳಿಗೂ ಕಾಣುವಂತಿರಲಿ. ಉಡುಗೊರೆ ಎಲ್ಲ ಗೆಳೆಯರಿಗೂ ಒಂದೇ ಬೆಲೆಯದಾಗಿರಲಿ. ಸಿರಿವಂತರ ಮನೆಗೆ ದೊಡ್ಡದು, ಬಡವರ ಮನೆಗೆ ಚಿಕ್ಕದು ಎಂಬ ಭೇದ ಬೇಡ. ನಾಲ್ಕೈದು ಮನೆಯವರು ಐವತ್ತೈವತ್ತು ರೂಪಾಯಿ ಕೂಡಿಸಿ ಒಂದೇ ಒಳ್ಳೆಯ ಪುಸ್ತಕ ಕೊಡಬಹುದು. ಮಗು ತಾನೇ ಬರೆದ ಚಿತ್ರ, ಹಿತ್ತಲಿನ ಹೂಗಿಡ ಇವೂ ಉಡುಗೊರೆಯೇ. ಡಬ್ಬಿ ಬರಿದಾಗಿದ್ದರೆ ಶುಭಾಶಯ ಹೇಳಿ ಬರಲು ಮಗುವನ್ನು ಕಳುಹಿಸಿ, ಸುಳ್ಳನ್ನು ಮಾತ್ರ ಹೇಳಿಸಬೇಡಿ.

ಕರೆಯುವವರಿಗೂ ಒಂದು ಮಾತು. ಮರಳಿ ಕೊಡಲಾರದವರನ್ನು ಔತಣಕ್ಕೆ ಕರೆಯಿರಿ ಎಂದು ಸ್ವಾಮಿ ಹೇಳಿದ್ದು ಲೂಕನ ಅದೇ 14ನೇ ಅಧ್ಯಾಯದಲ್ಲಿ. ಮದುವೆಯ ಕರೆಯೋಲೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚುಹಾಕಿಸುವ ನಾವು ಮಕ್ಕಳ ಹುಟ್ಟುಹಬ್ಬಕ್ಕೂ ಅದನ್ನೇ ಹೇಳಬಹುದಲ್ಲವೇ? ಪೊಟ್ಟಣಗಳನ್ನು ಎಲ್ಲರೆದುರು ಬಿಚ್ಚಿ ಯಾರು ಏನು ತಂದರೆಂದು ಹೆಸರು ಹೇಳುವುದನ್ನು ಬಿಡಿ. ಬರಿಗೈಯಲ್ಲಿ ಬಂದ ಮಗುವಿಗೂ ಅಷ್ಟೇ ದೊಡ್ಡ ಕೇಕಿನ ತುಂಡು ಸಿಗಲಿ.

ಇರುವುದರಲ್ಲಿ ಸಂತೋಷದಿಂದ ಕೊಡುವವರನ್ನು ದೇವರು ಪ್ರೀತಿಸುತ್ತಾರೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಬೆಳವಕ್ಕಿಗಳ ಕಾಣಿಕೆ ತಂದ ನಜರೇತಿನ ಕುಟುಂಬ ನಮ್ಮ ಕುಟುಂಬಗಳಿಗೂ ಆ ಸಂತೋಷವನ್ನು ಬೇಡಿಕೊಡಲಿ. ಆಮೆನ್.