ಅತಿಥಿಯ ಋಣ

ಹಣವನ್ನು ತೆತ್ತು ಪಡೆದ ಆದರವು ಆದರವೆನ್ನಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಹಿಂದಿನವರು ಕ್ಷಣಮಾತ್ರವೂ ಆಲೋಚಿಸದೆ ಇಲ್ಲವೆಂದೇ ಉತ್ತರ ಕೊಡುತ್ತಿದ್ದರು. ತಿಥಿಯನ್ನು ಗೊತ್ತುಮಾಡದೆ ಬಂದವನು ಅತಿಥಿ. ಅವನಿಗೆ ಅನ್ನವನ್ನಿಕ್ಕಿ ಬೆಲೆ ಕೇಳುವುದು ಅನ್ನವಿಕ್ರಯವೆಂಬ ಪಾಪ. ಹೊಸದುರ್ಗದ ಸೀಮೆಯ ಹಳ್ಳಿಗಳಲ್ಲಿ ಹೊತ್ತು ಮುಳುಗಿದ ಮೇಲೆ ಬಂದ ಗಾಡಿಯವನು ಗುರುತಿಲ್ಲದ ಮನೆಯ ಜಗಲಿಯ ಮೇಲೆ ಗಂಟಿಳಿಸಿದರೆ, ಮನೆಯವರು ಮೊದಲು ಕೊಡುತ್ತಿದ್ದುದು ಕಾಲಿಗೆ ನೀರು, ಆಮೇಲೆ ಮುದ್ದೆ. ಬೆಳಗ್ಗೆ ಕಾಸು ಕೊಡಹೋದರೆ ಅದು ಅವಮಾನವೆನಿಸುತ್ತಿತ್ತು.

ಜಪಾನ್ ದೇಶದವರು ಇದಕ್ಕೆ ಬೇರೆಯ ಉತ್ತರವನ್ನು ಕಂಡುಕೊಂಡರು. ಅಲ್ಲಿಯ ಸಾಂಪ್ರದಾಯಿಕ ವಸತಿಗೃಹಕ್ಕೆ ರ್ಯೋಕಾನ್ ಎಂದು ಹೆಸರು. ಯಾಮಾನಾಶಿ ಪ್ರಾಂತದಲ್ಲಿ ಬಿಸಿನೀರಿನ ಬುಗ್ಗೆಯೊಂದರ ಬಳಿ ಇರುವ ಕೇಯುಂಕಾನ್ ಎಂಬುದು ಕ್ರಿ. ಶ. 705ರಲ್ಲಿ ಸ್ಥಾಪಿತವಾದುದೆಂದು ಪ್ರತೀತಿ; ಬಾದಾಮಿಯಲ್ಲಿ ಚಾಲುಕ್ಯ ವಿಜಯಾದಿತ್ಯನು ಆಳುತ್ತಿದ್ದ ಕಾಲವದು. ಇಂತಹ ಮನೆಯಲ್ಲಿ ಪಾದರಕ್ಷೆಯನ್ನು ಬಾಗಿಲಲ್ಲಿಯೇ ಬಿಡಬೇಕು. ಚಾಪೆ ಹಾಸಿದ ಕೊಠಡಿಯಲ್ಲಿ ಕುಳಿತವನಿಗೆ ಚಹ ಬರುವುದು. ಹಗಲು ಕುಳಿತ ಕೊಠಡಿಯಲ್ಲಿಯೇ ರಾತ್ರಿ ಹಾಸಿಗೆ ಹಾಸುವರು. ಸ್ನಾನದ ತೊಟ್ಟಿಗೆ ಇಳಿಯುವ ಮುನ್ನ ಹೊರಗೆ ಕುಳಿತು ಮೈಯನ್ನು ಪೂರ್ತಿಯಾಗಿ ತೊಳೆದುಕೊಳ್ಳಬೇಕು, ಏಕೆಂದರೆ ಅದೇ ನೀರಿಗೆ ಮತ್ತೊಬ್ಬನೂ ಇಳಿಯಬೇಕಾಗಿದೆ. ಇಷ್ಟಕ್ಕೂ ಬೆಲೆಯುಂಟು, ಅದು ಅಲ್ಪವೂ ಅಲ್ಲ. ಆದರೂ ಹಿಂದೆ ಬಾಡಿಗೆಯ ಜೊತೆಗೆ, ಬಂದೊಡನೆ ‘ಚಾದಾಯಿ’ ಎಂಬ ಚಹದ ಕಾಣಿಕೆಯನ್ನು ಸಲ್ಲಿಸುವ ರೂಢಿಯಿದ್ದಿತು. ಬೆಲೆಯನ್ನು ಬೆಲೆಯೆಂದು ಕರೆಯಲು ನಾಚಿದ ಮನಸ್ಸಿನ ಏರ್ಪಾಡಿದು. ಕಾಣಿಕೆಯ ತೂಕವನ್ನು ನೋಡಿ ಕೊಠಡಿಯೂ ಉಪಚಾರವೂ ಗೊತ್ತಾಗುತ್ತಿದ್ದುದರಿಂದ, ನಾಚಿಕೆಯು ಬಹಳ ದೂರ ಹೋಗಲಿಲ್ಲವೆನ್ನಬೇಕು.

ಇದನ್ನು ಕೇಳಿ ನಮ್ಮ ಛತ್ರಗಳೇ ಮೇಲೆಂದು ಹೆಮ್ಮೆಪಡುವುದು ಸುಲಭ. ಹೆಮ್ಮೆಗೆ ಕಾರಣಗಳೂ ಉಂಟು. ಗುಬ್ಬಿಯ ತೋಟದಪ್ಪನವರು ವ್ಯಾಪಾರದಿಂದ ಗಳಿಸಿದ ಹಣದಿಂದ 1897ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ ನಿವೇಶನ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಅದರ ಪ್ರಾರಂಭೋತ್ಸವವಾಯಿತು. ಊರಿಗೆ ಹೊಸಬರಾದ ಎಷ್ಟೋ ಮಂದಿಗೆ ರಾಜಧಾನಿಯ ಮೊದಲ ರಾತ್ರಿ ಅಲ್ಲಿಯೇ ಕಳೆಯಿತು. ಆದರೆ ಛತ್ರಗಳ ಚರಿತ್ರೆಯನ್ನು ಬರೆಯುವವರು ಒಂದು ಮಾತನ್ನು ಮರೆಮಾಚಬಾರದು. ಬೆಲೆ ಕೇಳದಿದ್ದ ಅನೇಕ ಛತ್ರಗಳು ಜಾತಿಯನ್ನು ಕೇಳುತ್ತಿದ್ದವು. ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಇತರರಿಗೆ ಬೇರೆ ಅಂಗಳ. ಅಸ್ಪೃಶ್ಯನೆನ್ನಿಸಿಕೊಂಡವನಿಗೆ ಹೊರಗಿನ ಮರದ ನೆರಳು. ದೇವರೆಂದು ಭಾವಿಸಬೇಕಾದ ಅತಿಥಿಯ ಕುಲವನ್ನು ವಿಚಾರಿಸಿ ಬಾಗಿಲು ಮುಚ್ಚಿದ ಮೇಲೆ, ಒಳಗೆ ಬಡಿಸಿದ ಅನ್ನವು ಎಷ್ಟರಮಟ್ಟಿಗೆ ದಾನ?

ಹಾಗಾದರೆ ಹಣವೇ ಹೆಚ್ಚು ಸಮದರ್ಶಿಯೇ? ಅದೂ ಅಲ್ಲ. ಜಪಾನಿನಲ್ಲಿ 1948ರ ವಸತಿಗೃಹಗಳ ಕಾನೂನು, ಗೊತ್ತಾದ ಕೆಲವು ಕಾರಣಗಳ ಹೊರತು ಬಂದವರನ್ನು ನಿರಾಕರಿಸಕೂಡದೆಂದು ವಿಧಿಸಿತು. ಹೀಗಿದ್ದೂ 2003ರಲ್ಲಿ ಕುಮಾಮೊಟೊ ಪ್ರಾಂತದ ಬಿಸಿನೀರಿನ ಕ್ಷೇತ್ರವೊಂದರಲ್ಲಿ, ಕುಷ್ಠರೋಗದಿಂದ ಎಂದೋ ಗುಣಹೊಂದಿದ್ದ ವೃದ್ಧರನ್ನು ಒಂದು ವಸತಿಗೃಹವು ಒಳಗೆ ಸೇರಿಸಲೊಪ್ಪಲಿಲ್ಲ. ಪ್ರಾಂತದ ಸರ್ಕಾರವು ಅದರ ಮೇಲೆ ಕ್ರಮ ಕೈಗೊಂಡಿತು. ಭಾರತದಲ್ಲಿಯೂ 1950ರ ಸಂವಿಧಾನದ 15ನೆಯ ವಿಧಿಯು ಹೋಟೆಲುಗಳ ಬಾಗಿಲನ್ನು ಎಲ್ಲ ಜಾತಿಮತಗಳವರಿಗೂ ತೆರೆಯಿತು. ಪುಣ್ಯವೂ ತೆರೆಯದ, ಹಣವೂ ತೆರೆಯದ ಬಾಗಿಲನ್ನು ಶಾಸನವು ತೆರೆಯಬೇಕಾಯಿತು. ಪರಸ್ಥಳದವನನ್ನು ಹಗೆಯಂತೆ ಕಾಣದಿರುವುದು ಅವನಿಗೆ ತೋರುವ ಕರುಣೆಯಲ್ಲ, ಅದು ಅವನ ಹಕ್ಕು ಎಂದು ಜರ್ಮನಿಯ ತತ್ತ್ವಜ್ಞ ಕಾಂಟನು 1795ರಲ್ಲಿಯೇ ವಾದಿಸಿದ್ದನು. ಆದರೆ ಅವನ ಹಕ್ಕು ಭೇಟಿಗೆ ಬರುವಷ್ಟಕ್ಕೆ ಮಾತ್ರ, ಚಾಪೆಗೂ ಚಹಕ್ಕೂ ಅಲ್ಲ.

ಆ ಉಳಿದ ಭಾಗದ ಋಣವು ಯಾರಿಗೆ ಸಲ್ಲತಕ್ಕುದು? ಕೊಟ್ಟವನಿಗೆಂದರೆ ಉಂಡವನು ಕುಗ್ಗುವನು, ಕೊಟ್ಟವನು ಬೀಗುವನು. ಈ ತೊಡಕನ್ನು ಶರಣರು ಚೆನ್ನಾಗಿ ಕಂಡಿದ್ದರು. ಅವರ ದಾಸೋಹದಲ್ಲಿ ಬಡಿಸುವವನೇ ದಾಸನು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠದ ನಾಟಕೋತ್ಸವಕ್ಕೆ ಬಂದು ಪಂಕ್ತಿಯಲ್ಲಿ ಕುಳಿತವನು ಯಾರಿಗೂ ತಲೆತಗ್ಗಿಸಬೇಕಾಗಿಲ್ಲ. ಆದರೆ ಬಡಿಸುವವನ ಅಹಂಕಾರವನ್ನು ಕಳೆದುದರಿಂದ ಉಂಡವನ ಹೊಣೆಯು ಕಳೆಯಿತೆಂದು ಹೇಳಲಾಗದು.

ಅದನ್ನು ಹಳೆಯ ಛತ್ರವಾಸಿಗಳು ಬಲ್ಲವರಾಗಿದ್ದರು. ಸ್ವಂತ ಪಾತ್ರೆಯಲ್ಲಿ ಅಡಿಗೆ ಮಾಡಿಕೊಂಡ ಗೃಹಿಣಿಯು ಹೊರಡುವ ಮುನ್ನ ಒಲೆಯ ಬೂದಿಯನ್ನು ತೆಗೆದು, ನೆಲವನ್ನು ಸಾರಿಸಿ, ಮಿಕ್ಕ ಸೌದೆಯನ್ನು ಮೂಲೆಯಲ್ಲಿ ಒಟ್ಟಿಡುವಳು. ಛತ್ರ ಕಟ್ಟಿಸಿದ ಪುಣ್ಯಾತ್ಮನು ಅದನ್ನು ಕಾಣನು. ಪಾರುಪತ್ಯಗಾರನು ಗಮನಿಸುವನೆಂಬ ಭರವಸೆಯೂ ಇಲ್ಲ. ಆ ಸೌದೆಯು ಸಂಜೆಗೆ ಬರಲಿರುವ, ಮುಖ ನೋಡದ ಇನ್ನೊಬ್ಬಳಿಗಾಗಿ. ಜಪಾನಿನ ತೊಟ್ಟಿಯ ಹೊರಗೆ ಮೈ ತೊಳೆದುಕೊಳ್ಳುವವನು ಬೆಲೆ ತೆತ್ತವನಾದರೂ ಅವನ ಲೆಕ್ಕವೂ ಇದೇ. ಬಸ್ಸಿನ ನಿಲ್ದಾಣದೆದುರಿನ ವಸತಿಗೃಹದಲ್ಲಿ ಬಾಡಿಗೆ ಕೊಟ್ಟು ಬೀಗದಕೈಯನ್ನು ಮೇಜಿನ ಮೇಲೆಸೆದು ಹೊರಡುವವನಾದರೋ ಲೆಕ್ಕ ತೀರಿತೆಂದೇ ಭಾವಿಸುವನು. ನಲ್ಲಿಯ ನೀರು ಹಿಂದೆ ಸುರಿಯುತ್ತಲೇ ಇರುವುದು.